ಬಳ್ಳಾರಿಯ ಮಾತ್ರೆ, ಇಳಕಲ್ಲಿನ ಜೋಳಿಗೆ

ಮನಸ್ಸಿನ ಕಾಯಿಲೆಯನ್ನು ಕರ್ನಾಟಕ ಹೇಗೆ ಕಂಡಿತು ಎಂದು ಬರೆಯಹೊರಟವರಿಗೆ 1976 ತುಂಬ ಅನುಕೂಲದ ಇಸವಿ. ‘ಕೊರವಂಜಿ’ ಹಾಸ್ಯಪತ್ರಿಕೆಯ ರಾಶಿ ಎಂದೇ ಮನೆಮಾತಾಗಿದ್ದ ಡಾಕ್ಟರ್ ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಆ ವರ್ಷ. ಮನೋವೈದ್ಯದ ಪುಸ್ತಕವೊಂದು ಕಥೆ ಕಾದಂಬರಿಗಳ ಸಾಲಿನಲ್ಲಿ ನಿಂತು ಪ್ರಶಸ್ತಿ ಪಡೆಯಿತು ಎಂಬುದೇ ಸಣ್ಣ ಸಂಗತಿಯಲ್ಲ. ಕರಾವಳಿಯ ಕೋಟ ಎಂಬ ಊರಿನಲ್ಲಿ ಮನೆ ಮನೆ ತಿರುಗಿ ಜನರ ಮನಸ್ಸಿನ ಸ್ಥಿತಿಗತಿ ವಿಚಾರಿಸಿದ ಮೋರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಅವರ ಗ್ರಂಥ ಪ್ರಕಟವಾದದ್ದೂ ಆ ವರ್ಷವೇ. ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ತನ್ನ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರವನ್ನು ತೆರೆದದ್ದೂ ಆಗಲೇ. ಮನೋರೋಗಿಯನ್ನು ಆಸ್ಪತ್ರೆಯೊಳಗೆ ಇರಿಸಿಕೊಳ್ಳುವ ಬದಲು ಅವನ ಊರಿನಲ್ಲೇ ನೋಡಿ, ಔಷಧಿ ಕೊಟ್ಟು, ಮತ್ತೆ ಬರಹೇಳುವ ಪದ್ಧತಿಗೆ ನಮ್ಮಲ್ಲಿ ಬುನಾದಿ ಬಿದ್ದದ್ದು ಹೀಗೆ. ಆ ಪದ್ಧತಿ ದೇಶಕ್ಕೇ ಮಾದರಿಯಾಯಿತು. ಆದರೆ ಅದೇ ನಾಡು ಕುಡಿತಕ್ಕೆ ಬಿದ್ದವನ ವಿಷಯದಲ್ಲಿ ತಾನೇ ಕಲಿಸಿದ ಪಾಠವನ್ನು ಬದಿಗಿಟ್ಟಿತು. ಹುಚ್ಚು ಹಿಡಿದವನಿಗೆ ಮಾತ್ರೆ ಮತ್ತು ಮರುಭೇಟಿ, ಕುಡುಕನಿಗೆ ಆಣೆ ಮತ್ತು ಹಾಸಿಗೆ ಎಂಬ ಈ ಭೇದ ಹೇಗೆ ಬಂತು, ಅದು ಎಷ್ಟು ಸರಿ ಎಂಬುದು ಈ ಲೇಖನದ ವಿಚಾರ.

ಮೊದಲು ಹಾಸಿಗೆಯ ಕಥೆ. ಬೆಂಗಳೂರಿನ ಹುಚ್ಚಾಸ್ಪತ್ರೆ ಹತ್ತೊಂಬತ್ತನೇ ಶತಮಾನದ ನಡುಭಾಗದಲ್ಲಿ ಪೇಟೆಯ ಆಸುಪಾಸಿನಲ್ಲಿ ಹುಟ್ಟಿ, 1930ರ ದಶಕದಲ್ಲಿ ಹೊಸೂರು ರಸ್ತೆಯ ಲಕ್ಕಸಂದ್ರದ ಈಗಿನ ಜಾಗಕ್ಕೆ ಬಂತು. ಆಗ ಅದು ಊರಾಚೆ. ಬ್ರಿಟಿಷ್ ಭಾರತದ ಕಾನೂನು ಎಂದರೆ 1912ರ ಭಾರತೀಯ ಉನ್ಮಾದ ಕಾಯ್ದೆ. ರೋಗಿ ಒಳಗೆ ಹೋಗುವುದಕ್ಕೆ ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು, ಹೊರಗೆ ಬರುವುದಕ್ಕೆ ಅದೃಷ್ಟ ಬೇಕಿತ್ತು. 1946ರಲ್ಲಿ ದೇಶದ ಆರೋಗ್ಯ ಸೇವೆಗಳನ್ನು ಪರಿಶೀಲಿಸಿದ ಭೋರ್ ಸಮಿತಿ ಲೆಕ್ಕ ಹಾಕಿದಾಗ ಅವಿಭಜಿತ ಭಾರತದಲ್ಲಿ ಮನೋರೋಗಿಗಳಿಗೆಂದು ಇದ್ದ ಹಾಸಿಗೆಗಳು 10,181. ಅಂದರೆ ಸುಮಾರು 40 ಸಾವಿರ ಜನಕ್ಕೆ ಒಂದು. ಇಂಗ್ಲೆಂಡಿನಂತೆ ಕಟ್ಟಡಗಳನ್ನು ಕಟ್ಟುತ್ತಾ ಹೋಗಿದ್ದರೆ ಆ ಕೊರತೆ ನೀಗುವ ದಿನ ಇವತ್ತಿಗೂ ಬರುತ್ತಿರಲಿಲ್ಲ. ಸಮಿತಿಯ ಶಿಫಾರಸಿನ ಫಲವಾಗಿ 1954ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಮಗ್ಗುಲಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. ಎರಡೂ ಕೂಡಿ 1974ರ ಕೊನೆಗೆ ನಿಮ್ಹಾನ್ಸ್ ಆದವು. ಈ ನಡುವೆ ಎರಡು ಸಂಗತಿಗಳು ನಡೆದಿದ್ದವು. 1952ರ ಹೊತ್ತಿಗೆ ಕ್ಲೋರ್‌ಪ್ರೊಮಜಿನ್ ಎಂಬ ಮಾತ್ರೆ ಬಂದು, ಕೂಗಾಡುವ ರೋಗಿಯನ್ನು ಕಟ್ಟಿಹಾಕದೆಯೇ ಮನೆಯಲ್ಲಿ ಇರಿಸಿಕೊಳ್ಳಬಹುದು ಎಂಬ ಧೈರ್ಯ ಬಂತು. ಅಮೃತಸರದಲ್ಲಿ ಡಾಕ್ಟರ್ ವಿದ್ಯಾಸಾಗರ್ ಅವರು ರೋಗಿಯ ಮನೆಯವರನ್ನೇ ಆಸ್ಪತ್ರೆಯ ಆವರಣದ ಡೇರೆಗಳಲ್ಲಿ ಉಳಿಸಿಕೊಂಡು, ಆರೈಕೆಯನ್ನು ಅವರಿಗೇ ಕಲಿಸಿ ಕಳಿಸುತ್ತಿದ್ದರು. ಹಣವಿಲ್ಲದ ದೇಶ ಹಾಸಿಗೆಯ ಕೊರತೆಗೆ ಕಂಡುಕೊಂಡ ಉತ್ತರ ಕುಟುಂಬವೇ ಆಗಿತ್ತು.

ಕೋಟದ ಅಧ್ಯಯನದ ಮಹತ್ವ ಇಲ್ಲಿದೆ. ಮಣಿಪಾಲದಲ್ಲಿದ್ದ ಕಪೂರ್ ಅವರು ಬ್ರಾಹ್ಮಣರು, ಬಂಟರು, ಮೊಗೇರರು ಕೂಡಿ ಬಾಳುವ ಆ ಊರಿನಲ್ಲಿ ಕೇಳಿದ ಪ್ರಶ್ನೆ ನೇರವಾದದ್ದು: ನಿಮಗೆ ಹೀಗಾದಾಗ ಯಾರ ಹತ್ತಿರ ಹೋದಿರಿ? ಬಂದ ಉತ್ತರ ನಗರದ ವೈದ್ಯರ ಊಹೆಯನ್ನು ಬುಡಮೇಲು ಮಾಡುವಂಥದ್ದು. ಹಳ್ಳಿಯವರಿಗೆ ಮನೋರೋಗದ ಅರಿವೇ ಇಲ್ಲ, ಹಾಗಾಗಿ ಚಿಕಿತ್ಸೆಗೆ ಬರುವುದಿಲ್ಲ ಎಂಬುದು ಊಹೆ. ನಿಜದಲ್ಲಿ ತೊಂದರೆಯಲ್ಲಿದ್ದ ಬಹುಪಾಲು ಜನ ಯಾರಲ್ಲಿಗಾದರೂ ಹೋಗಿಯೇ ಇದ್ದರು. ನಾಡಿ ಹಿಡಿಯುವ ವೈದ್ಯ, ಯಂತ್ರ ಕಟ್ಟುವ ಮಂತ್ರವಾದಿ, ಮೈಮೇಲೆ ದೈವ ಬರಿಸಿಕೊಂಡು ನುಡಿ ಕೊಡುವ ಪಾತ್ರಿ, ಇಂಜೆಕ್ಷನ್ ಚುಚ್ಚುವ ಡಾಕ್ಟರು ಇವರಲ್ಲಿ ಒಬ್ಬರನ್ನಲ್ಲ, ಅನೇಕರು ಒಬ್ಬರಾದ ಮೇಲೆ ಒಬ್ಬರನ್ನು, ಕೆಲವೊಮ್ಮೆ ಒಟ್ಟೊಟ್ಟಿಗೇ ಕಂಡಿದ್ದರು. ಪಾತ್ರಿಯಲ್ಲಿಗೆ ಹೋದವನು ಡಾಕ್ಟರಲ್ಲಿಗೆ ಹೋಗುವುದಿಲ್ಲ ಎಂಬುದು ಸುಳ್ಳು. ಯಾರು ಹತ್ತಿರ ಇದ್ದಾರೆ, ಯಾರು ಮಾತಾಡಿಸುತ್ತಾರೆ, ಯಾರ ಹತ್ತಿರ ಮತ್ತೆ ಮತ್ತೆ ಹೋಗಲು ಕೈಯಲ್ಲಿ ಕಾಸಿದೆ ಎಂಬುದೇ ಮುಖ್ಯ. ಕಪೂರ್ ನಿಮ್ಹಾನ್ಸಿಗೆ ಬಂದು ಸಮುದಾಯ ಮನೋವೈದ್ಯ ಘಟಕದ ಹೊಣೆ ಹೊತ್ತಾಗ ಅವರ ಜೊತೆ ಬಂದದ್ದು ಈ ತಿಳಿವಳಿಕೆ.

ಸಕಲವಾರದಲ್ಲಿ ಅದಕ್ಕೊಂದು ರೂಪ ಬಂತು, ಮಾಗಡಿ ತಾಲ್ಲೂಕಿನ ಸೋಲೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆಯಾಯಿತು. ಪಟ್ಟಣದ ಮನೋವೈದ್ಯ ಹಳ್ಳಿಗೆ ಹೋಗಿ ಕೂರುವ ಬದಲು, ಹಳ್ಳಿಯಲ್ಲಿ ಈಗಾಗಲೇ ಇರುವ ಡಾಕ್ಟರಿಗೆ ಹತ್ತಾರು ದಿನ ತರಬೇತಿ ಕೊಡುವುದು. ಮಲೇರಿಯಾ, ಕುಟುಂಬ ಯೋಜನೆ ಎಂದು ಮನೆ ಮನೆ ಸುತ್ತುವ ಆರೋಗ್ಯ ಕಾರ್ಯಕರ್ತರಿಗೆ ವಾರದಷ್ಟು ತರಬೇತಿ ಕೊಟ್ಟು ಕೆಲವೇ ಪ್ರಶ್ನೆಗಳನ್ನು ಕಲಿಸುವುದು. ಈ ಮನೆಯಲ್ಲಿ ಒಬ್ಬೊಬ್ಬರೇ ಮಾತಾಡಿಕೊಳ್ಳುವವರು ಇದ್ದಾರೆಯೇ? ಸ್ನಾನ, ಊಟ, ಬಟ್ಟೆಯ ಪರಿವೆ ಇಲ್ಲದವರು? ಕೈಕಾಲು ಸೆಳೆದು ಬಾಯಲ್ಲಿ ನೊರೆ ಬಂದು ಬೀಳುವವರು? ಇದ್ದರೆ ಹೆಸರು ಬರೆದುಕೊಂಡು ಕೇಂದ್ರಕ್ಕೆ ಕರೆತರುವುದು, ಅಲ್ಲಿ ಕಾರ್ಡು ಮಾಡಿಸುವುದು. ತಿಂಗಳಿಗೊಮ್ಮೆ ಬಂದು ಮಾತ್ರೆ ಒಯ್ಯಬೇಕು. ಬರದಿದ್ದರೆ ಮುಂದಿನ ಸುತ್ತಿನಲ್ಲಿ ಕಾರ್ಯಕರ್ತೆ ಅವನ ಮನೆ ಬಾಗಿಲಿಗೆ ಹೋಗಿ ಯಾಕೆ ಬರಲಿಲ್ಲ ಎಂದು ಕೇಳಬೇಕು. ಇಷ್ಟೇ. 1982ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಒಪ್ಪಿಕೊಂಡಾಗ ಅದಕ್ಕೆ ಆಧಾರವಾದ ಅನುಭವಗಳು ಮುಖ್ಯವಾಗಿ ಎರಡು: ಚಂಡೀಗಢದ ವೈದ್ಯರು ಹರಿಯಾಣದ ರಾಯ್‌ಪುರ್ ರಾಣಿಯಲ್ಲಿ ಮಾಡಿದ ಕೆಲಸ ಒಂದು, ಸಕಲವಾರದ್ದು ಇನ್ನೊಂದು.

ಆದರೆ ಒಂದು ಆರೋಗ್ಯ ಕೇಂದ್ರದಲ್ಲಿ ಆದದ್ದು ಇಡೀ ಜಿಲ್ಲೆಯಲ್ಲಿ ಆದೀತೇ? ಆ ಪ್ರಶ್ನೆಗೆ ಬಳ್ಳಾರಿಯನ್ನು ಆರಿಸಿಕೊಂಡರು. ಈಗಿನ ವಿಜಯನಗರ ಜಿಲ್ಲೆಯೂ ಸೇರಿದಂತೆ ಆಗಿನ ಬಳ್ಳಾರಿಯ ಜನಸಂಖ್ಯೆ ಸುಮಾರು 20 ಲಕ್ಷ. ಬೆಂಗಳೂರು ಅಲ್ಲಿಂದ 300 ಕಿಲೋಮೀಟರ್. ಬಿಸಿಲು, ಬರ, ಗುಳೆ ಇವೆಲ್ಲ ಇದ್ದ ಸೀಮೆ. 1985ರಿಂದ 1990ರವರೆಗೆ ರಾಜ್ಯದ ಆರೋಗ್ಯ ಇಲಾಖೆಯ ಜೊತೆಗೂಡಿ ನಿಮ್ಹಾನ್ಸ್ ಅಲ್ಲಿ ಕೆಲಸ ಮಾಡಿತು. ಜಿಲ್ಲಾ ಕೇಂದ್ರದಲ್ಲಿ ಒಬ್ಬ ಮನೋವೈದ್ಯರ ತಂಡ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತರಬೇತಾದ ಸಾಮಾನ್ಯ ಡಾಕ್ಟರು, ಬೆರಳೆಣಿಕೆಯ ಔಷಧಿಗಳು: ಚಿತ್ತವಿಕಲತೆಗೆ ಕ್ಲೋರ್‌ಪ್ರೊಮಜಿನ್, ಮಾತ್ರೆ ನುಂಗಲೊಲ್ಲದವರಿಗೆ ವಾರಗಟ್ಟಲೆ ಕೆಲಸ ಮಾಡುವ ಫ್ಲೂಫೆನಜಿನ್ ಇಂಜೆಕ್ಷನ್, ಖಿನ್ನತೆಗೆ ಇಮಿಪ್ರಮಿನ್, ಫಿಟ್ಸಿಗೆ ಫಿನೋಬಾರ್ಬಿಟೋನ್. ಮಾನಸಿಕ ಆರೋಗ್ಯದ ಕಾರ್ಯಕ್ರಮ ಎಂದು ಶುರುವಾದದ್ದಕ್ಕೆ ಫಿಟ್ಸಿನವರೇ ದೊಡ್ಡ ಸಂಖ್ಯೆಯಲ್ಲಿ ಬಂದರು. ಅದನ್ನು ಕೆಲವರು ಕಾರ್ಯಕ್ರಮದ ದಾರಿ ತಪ್ಪುವಿಕೆ ಎಂದು ಕಂಡರು. ಅದು ಅದರ ಬಲವೂ ಆಗಿತ್ತು ಎನ್ನುವುದು ನನ್ನ ಅಭಿಪ್ರಾಯ. ವರ್ಷಗಟ್ಟಲೆ ಬೀಳುತ್ತಿದ್ದ ಹುಡುಗಿ ಅಗ್ಗದ ಮಾತ್ರೆಯಿಂದ ಬೀಳುವುದನ್ನು ನಿಲ್ಲಿಸಿದಳು ಎಂಬ ಸುದ್ದಿ ಓಣಿಗೆ ಹರಡಿದರೆ, ಮೂಲೆಯಲ್ಲಿ ಕೂತು ಗೊಣಗುವ ಅಣ್ಣನನ್ನೂ ಅಲ್ಲಿಗೇ ಕರೆದೊಯ್ಯೋಣ ಎಂದು ಪಕ್ಕದ ಮನೆಯವರಿಗೆ ಅನ್ನಿಸುತ್ತದೆ. ಸರ್ಕಾರಿ ಕಟ್ಟಡದ ಮೇಲೆ ಹುಟ್ಟುವ ನಂಬಿಕೆ ಹೀಗೆ ಒಂದು ಕಾಯಿಲೆಯಿಂದ ಇನ್ನೊಂದಕ್ಕೆ ದಾಟುತ್ತದೆ.

1996–97ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ದೇಶದ ನಾಲ್ಕು ಜಿಲ್ಲೆಗಳಲ್ಲಿ ಆರಂಭಿಸಿದಾಗ ಮುಂದಿಟ್ಟುಕೊಂಡದ್ದು ಬಳ್ಳಾರಿಯ ನಕ್ಷೆಯನ್ನೇ. ಕರ್ನಾಟಕದಲ್ಲಿ ಈಗ ಅದು ಎಲ್ಲ ಜಿಲ್ಲೆಗಳಲ್ಲಿದೆ. ಇದಲ್ಲದೆ ನಿಮ್ಹಾನ್ಸ್ ವೈದ್ಯರು ಕನಕಪುರ, ಮದ್ದೂರು, ಮಧುಗಿರಿ, ಗೌರಿಬಿದನೂರಿನಂಥ ಊರುಗಳಿಗೆ ನಿಗದಿಯಾದ ದಿನ ಹೋಗಿ ಹೊರರೋಗಿಗಳನ್ನು ನೋಡುವ ಪದ್ಧತಿ ದಶಕಗಳ ಕಾಲ ನಡೆದುಬಂತು. 2005ರಿಂದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇದ್ದವರನ್ನು ಹುಡುಕಿ, ಊರಿನಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಹಿಂಬಾಲಿಸಿದ ಯೋಜನೆ ತೋರಿಸಿದ್ದೂ ಅದನ್ನೇ: ಯಾವ ಔಷಧಿಯನ್ನೂ ಕಾಣದೆ ಬಹಳ ಕಾಲ ಕಳೆದವರೂ ಕ್ರಮವಾಗಿ ಔಷಧಿ ತೆಗೆದುಕೊಂಡರೆ ಮನೆಗೆಲಸಕ್ಕೆ, ತೋಟದ ಕೆಲಸಕ್ಕೆ ಮರಳುವ ಸ್ಥಿತಿಗೆ ಬರುತ್ತಾರೆ. 2014ರಲ್ಲಿ ರಾಜ್ಯ ಸರ್ಕಾರ ತಂದ ‘ಮನೋಚೈತನ್ಯ’ ಈ ಸಾಲಿನ ಮುಂದಿನ ಕೊಂಡಿ. ಗೊತ್ತುಪಡಿಸಿದ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ರೋಗಿ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾಗಿಲ್ಲ, ಬೆಂಗಳೂರಿನ ಬಸ್ಸು ಹತ್ತಬೇಕಾಗಿಲ್ಲ. ಹಾಗೆಯೇ, ಇಷ್ಟೆಲ್ಲ ವೈದ್ಯಕೀಯದ ಹಿಂದೆ ಕನ್ನಡದ ಒಂದು ಪಾತ್ರವಿದೆ ಎಂಬುದನ್ನು ಮರೆಯಬಾರದು. ನಿಮ್ಹಾನ್ಸಿನ ಸಮುದಾಯ ಘಟಕದಲ್ಲಿದ್ದ ಡಾಕ್ಟರ್ ಸಿ.ಆರ್. ಚಂದ್ರಶೇಖರ್ ಅವರು ಬರೆದ ನೂರಾರು ಕನ್ನಡ ಪುಸ್ತಕಗಳು, ಪತ್ರಿಕೆಗಳ ಪ್ರಶ್ನೋತ್ತರ ಅಂಕಣಗಳು ತಲುಪಿದಷ್ಟು ಮನೆಗಳನ್ನು ಯಾವ ಸರ್ಕಾರಿ ಭಿತ್ತಿಪತ್ರವೂ ತಲುಪಿರಲಾರದು.

ಬಳ್ಳಾರಿಯನ್ನು ಹೊಗಳುವುದಕ್ಕೆ ಒಂದು ತಕರಾರು ಇದೆ, ಅದು ಹಗುರವಾದದ್ದಲ್ಲ. ನಿಮ್ಹಾನ್ಸಿನ ಉತ್ಸಾಹಿಗಳು ಕೈಯಿಟ್ಟಲ್ಲಿ ನಡೆದದ್ದು, ಸರ್ಕಾರದ ಯೋಜನೆಯಾಗಿ ದೇಶಕ್ಕೆ ಹರಡಿದಾಗ ಸೊರಗಿತು ಎಂಬುದು ಆ ತಕರಾರು. ಮನೋವೈದ್ಯರ ಹುದ್ದೆಗಳು ಖಾಲಿ, ಔಷಧಿ ಒಂದು ತಿಂಗಳು ಇದ್ದರೆ ಇನ್ನೊಂದು ತಿಂಗಳು ಇಲ್ಲ, ತರಬೇತಿ ಪಡೆದ ಡಾಕ್ಟರಿಗೆ ವರ್ಗಾವಣೆ. ಸುಮೀತ್ ಜೈನ್ ಮತ್ತು ಸುಶ್ರುತ್ ಜಾಧವ್ ಅವರು ಉತ್ತರ ಭಾರತದ ಕಾರ್ಯಕ್ರಮವೊಂದನ್ನು ಹತ್ತಿರದಿಂದ ನೋಡಿ 2009ರಲ್ಲಿ ಬರೆದದ್ದು ಇನ್ನೂ ಕಟುವಾದ ಮಾತು: ಸಮುದಾಯ ಎಂಬ ದೊಡ್ಡ ಆಶಯ ಕೊನೆಗೆ ಮಾತ್ರೆ ಹಂಚುವ ಕಿಟಕಿಯಾಗಿ ಕುಗ್ಗಿತು, ಜನರ ಮಾತು ಕೇಳುವವರು ಇಲ್ಲವಾದರು. ಈ ಟೀಕೆ ನಿಜ. ಆದರೆ ಅದು ಹೇಳುವುದು ಏನನ್ನು? ಮಾತ್ರೆ ಸಿಗದ ತಿಂಗಳು ರೋಗಿ ಮತ್ತೆ ಕೆಡುತ್ತಾನೆ ಎಂದರೆ ಮರುಭೇಟಿಯೇ ಈ ಪದ್ಧತಿಯ ಬೆನ್ನೆಲುಬು ಎಂದಾಯಿತು. ಖಾಲಿ ಹುದ್ದೆ ಭರ್ತಿ ಮಾಡಬೇಕು, ಔಷಧಿ ತಪ್ಪಬಾರದು, ಡಾಕ್ಟರು ಎರಡು ಮಾತು ಹೆಚ್ಚು ಕೇಳಬೇಕು ಎಂಬುದು ಈ ಟೀಕೆಯ ತಾತ್ಪರ್ಯವೇ ಹೊರತು, ರೋಗಿಯನ್ನು ಮತ್ತೆ ಗೋಡೆಯೊಳಗೆ ಕಳಿಸಿ ಎಂಬುದಲ್ಲ. ಗೋಡೆ ಏನು ಮಾಡುತ್ತದೆ ಎಂಬುದನ್ನು 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ದೇಶ ನೋಡಿತು. ದರ್ಗಾದ ಬಳಿಯ ಆಶ್ರಯ ಮನೆಗೆ ಬೆಂಕಿ ಬಿದ್ದಾಗ ಸರಪಳಿ ಹಾಕಿಸಿಕೊಂಡಿದ್ದ 28 ಜನ ಓಡಲಾರದೆ ಸತ್ತರು.

ಈಗ ಕುಡಿತದ ಕಡೆ ಬರೋಣ. ಬಳ್ಳಾರಿಯ ಪಟ್ಟಿಯಲ್ಲಿ ಆದ್ಯತೆ ಇದ್ದದ್ದು ಚಿತ್ತವಿಕಲತೆ, ಫಿಟ್ಸು, ಬುದ್ಧಿಮಾಂದ್ಯ, ಖಿನ್ನತೆ. ಸಂಜೆ ಆರಕ್ಕೆ ಸಾರಾಯಿ ಅಂಗಡಿಯಿಂದ ತೂರಾಡುತ್ತಾ ಬರುವವನು ಆರೋಗ್ಯ ಕಾರ್ಯಕರ್ತೆಯ ಕಣ್ಣಿಗೆ ಬೀಳುತ್ತಿರಲಿಲ್ಲ ಎಂದಲ್ಲ. ಅವನು ಅವಳ ಪುಸ್ತಕದಲ್ಲಿ ಬರೆದುಕೊಳ್ಳಬೇಕಾದ ರೋಗಿ ಎಂದು ಯಾರಿಗೂ ಅನ್ನಿಸಲಿಲ್ಲ, ಅವನ ಹೆಂಡತಿಗೂ. ಅವನ ವಿಷಯ ನಾಡಿನಲ್ಲಿ ಬೇರೆ ಕಡೆ ಇತ್ಯರ್ಥವಾಗುತ್ತಿತ್ತು. ದೇವರ ಮುಂದೆ ಆಣೆ, ಮಾಲೆ ಹಾಕುವ ವ್ರತ, ಪಂಚಾಯಿತಿಯ ದಂಡ. ಅದರಲ್ಲಿ ಎತ್ತರದ್ದು ಇಳಕಲ್ಲಿನ ಡಾಕ್ಟರ್ ಮಹಾಂತ ಶಿವಯೋಗಿಗಳ ಜೋಳಿಗೆ. ವಿಜಯಮಹಾಂತೇಶ್ವರ ಮಠದ ಸ್ವಾಮಿಗಳು ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು, ಓಣಿ ಓಣಿ ತಿರುಗಿ ಜನರ ಮುಂದೆ ಕೈಯೊಡ್ಡಿದ್ದು ಜೋಳಕ್ಕಲ್ಲ, ರೊಕ್ಕಕ್ಕಲ್ಲ. ನಿಮ್ಮ ದುಶ್ಚಟ ಹಾಕಿ ಎಂದು ಕೇಳಿದರು. ಬೀಡಿ ಕಟ್ಟು, ತಂಬಾಕಿನ ಚೀಟಿ, ಸಾರಾಯಿ ಪೊಟ್ಟಣ ಅದಕ್ಕೆ ಬೀಳುತ್ತಿತ್ತು; ಹಾಕಿದವನು ಇನ್ನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಂತೆ. ದಲಿತರ ಕೇರಿಗೂ ಅದೇ ಜೋಳಿಗೆ ಹೋಯಿತು. 1930ರ ಆಗಸ್ಟ್ 1ರಂದು ಹುಟ್ಟಿದ ಅವರು 2018ರಲ್ಲಿ ತೀರಿಕೊಂಡರು. ಅವರ ಹುಟ್ಟುಹಬ್ಬವನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ದಕ್ಷಿಣದ ಕಡೆಯಲ್ಲಿ ಇದೇ ಕೆಲಸ ಇನ್ನೊಂದು ರೂಪದಲ್ಲಿ ನಡೆಯಿತು: ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು. ಊರಿನ ಸಭಾಭವನದಲ್ಲಿ ಒಂದು ವಾರದಷ್ಟು ಕಾಲ ಕುಡಿಯುವವರನ್ನು ಒಟ್ಟಿಗೆ ಉಳಿಸಿಕೊಂಡು, ಯೋಗ, ಭಜನೆ, ಉಪನ್ಯಾಸ, ವೈದ್ಯರ ತಪಾಸಣೆ, ಕೊನೆಯಲ್ಲಿ ಹೆಂಡತಿ ಮಕ್ಕಳ ಎದುರು ಸಂಕಲ್ಪ.

ಸರ್ಕಾರ ಕುಡಿತವನ್ನು ಕಂಡದ್ದು ಅಬಕಾರಿ ಇಲಾಖೆಯ ಕಿಟಕಿಯಿಂದ. ಪಾನನಿರೋಧವನ್ನು ಮೈಸೂರು ರಾಜ್ಯ 1967ರಲ್ಲಿ ಕೈಬಿಟ್ಟಿತು. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತಾಗ ಚರ್ಚೆಯಾದದ್ದು ಕಳ್ಳಬಟ್ಟಿ, ಪರವಾನಗಿ, ಪೊಲೀಸರ ವಿಷಯ. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಕುಡಿಯುವವರು ಪ್ಯಾಕೆಟ್ ಬಿಟ್ಟು ಅಗ್ಗದ ವಿಸ್ಕಿಯ ಕ್ವಾರ್ಟರಿಗೆ ಬಂದರು. 2025–26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಬರಬೇಕೆಂದು ನಿಗದಿಯಾದ ಮೊತ್ತ 40 ಸಾವಿರ ಕೋಟಿ ರೂಪಾಯಿ. ಚಿಕಿತ್ಸೆಯ ವಿಚಾರದಲ್ಲಿ ನಿರ್ಣಾಯಕವಾದದ್ದು ಮಾತ್ರ ದೆಹಲಿಯಲ್ಲಿ ಆಯಿತು. ಮಾನಸಿಕ ಆರೋಗ್ಯ ಕಾರ್ಯಕ್ರಮ ಆರೋಗ್ಯ ಸಚಿವಾಲಯದ ಬಳಿ ಉಳಿಯಿತು. ಮದ್ಯ ಮತ್ತು ಮಾದಕ ವ್ಯಸನದ ಯೋಜನೆ 1985–86ರಲ್ಲಿ ಕಲ್ಯಾಣ ಸಚಿವಾಲಯದಲ್ಲಿ, ಅಂದರೆ ಈಗಿನ ಸಾಮಾಜಿಕ ನ್ಯಾಯ ಸಚಿವಾಲಯದಲ್ಲಿ ಹುಟ್ಟಿತು. ಆರೋಗ್ಯ ಸಚಿವಾಲಯವೂ ಒಂದೆರಡು ವರ್ಷಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ತನ್ನದೇ ವ್ಯಸನಮುಕ್ತಿ ಕೇಂದ್ರಗಳನ್ನು ಶುರುಮಾಡಿತಾದರೂ, ದುಡ್ಡಿನ ದೊಡ್ಡ ಹರಿವು ಸ್ವಯಂಸೇವಾ ಸಂಸ್ಥೆಗಳ ಪುನರ್ವಸತಿ ಕೇಂದ್ರಗಳ ಕಡೆಗಿತ್ತು. ಆ ಕೇಂದ್ರಗಳನ್ನು ಅಳೆಯುತ್ತಿದ್ದದ್ದು ಹಾಸಿಗೆಯಿಂದ: ಹದಿನೈದು ಹಾಸಿಗೆಗೆ ಇಷ್ಟು ಅನುದಾನ, ಮೂವತ್ತಕ್ಕೆ ಇಷ್ಟು. ಬಳ್ಳಾರಿಯಲ್ಲಿ ಕಾರ್ಡು ಎಣಿಸುತ್ತಿದ್ದ ಕಾಲದಲ್ಲೇ ಕುಡಿತಕ್ಕೆ ಹಾಸಿಗೆ ಎಣಿಸುವ ಪದ್ಧತಿ ಬೇರೂರಿತು.

ಅದರ ಫಲ ಅಂಕಿಗಳಲ್ಲಿ ಕಾಣುತ್ತದೆ. ನಿಮ್ಹಾನ್ಸ್ ಮುಂದಾಳುತನದಲ್ಲಿ 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ತೀವ್ರ ಮನೋರೋಗ ಇದ್ದವರಲ್ಲಿ ಚಿಕಿತ್ಸೆ ಸಿಗದವರು ಶೇ 73.6, ಮದ್ಯದ ಸಮಸ್ಯೆ ಇದ್ದವರಲ್ಲಿ ಶೇ 86.3. ಮೊದಲನೆಯದೇ ನಾಚಿಕೆಗೇಡು, ಎರಡನೆಯದು ಅದಕ್ಕಿಂತ ಹೆಚ್ಚು. ದೆಹಲಿಯ ಏಮ್ಸ್ ಆಸ್ಪತ್ರೆ ಮಾಡಿದ, 2019ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನ ಇನ್ನೂ ಸ್ಪಷ್ಟವಾಗಿ ಹೇಳುತ್ತದೆ: ಮದ್ಯಕ್ಕೆ ದಾಸರಾದವರಲ್ಲಿ ಯಾವುದೇ ಬಗೆಯ ಚಿಕಿತ್ಸೆ ಪಡೆದವರು 38ರಲ್ಲಿ ಒಬ್ಬರು, ದಾಖಲಾಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ಭೋರ್ ಸಮಿತಿಯ ಮುಂದೆ ಮನೋರೋಗಿಗಳ ವಿಷಯದಲ್ಲಿ ಇದ್ದದ್ದೂ ಇದೇ ಬಗೆಯ ಲೆಕ್ಕವಾಗಿತ್ತು. ಎಷ್ಟು ಹಾಸಿಗೆ ಹಾಕಿದರೂ ಮುಗಿಯದ ಲೆಕ್ಕ ಇದು.

ವೈದ್ಯರು ಇದಕ್ಕೆ ಕೊಡುವ ಉತ್ತರವನ್ನು ಕೇಳಲೇಬೇಕು. ಕುಡಿತ ನಿಲ್ಲಿಸುವುದು ಅಪಾಯದ ಕೆಲಸ, ಅದಕ್ಕೇ ಆಸ್ಪತ್ರೆ ಬೇಕು ಎನ್ನುತ್ತಾರೆ. ಅಪಾಯ ನಿಜ. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೆಲವು ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ದೆಗೇಡು ಶುರುವಾಗುತ್ತದೆ; ಕೆಲವರಿಗೆ ಫಿಟ್ಸ್ ಬರುತ್ತದೆ; ಎರಡು ಮೂರು ದಿನಕ್ಕೆ ಕೆಲವರಿಗೆ ಭ್ರಮೆ ಏರಿ, ಗೋಡೆಯ ಮೇಲೆ ಹುಳುಗಳು ಹರಿದಂತೆ, ಯಾರೋ ಕರೆದಂತೆ ಆಗುತ್ತದೆ, ಆಗ ನೋಡಿಕೊಳ್ಳದಿದ್ದರೆ ಜೀವಕ್ಕೇ ಸಂಚಕಾರ. ಇಂಥವರಿಗೆ, ಹಿಂದೆ ಫಿಟ್ಸ್ ಬಂದವರಿಗೆ, ಲಿವರ್ ಕೆಟ್ಟವರಿಗೆ ಹಾಸಿಗೆ ಬೇಕೇ ಬೇಕು. ಆದರೆ ಹೆಚ್ಚಿನವರು ಈ ಹಂತಕ್ಕೆ ಹೋಗುವುದಿಲ್ಲ. ಕ್ಲೋರ್‌ಡಯಾಜಿಪಾಕ್ಸೈಡ್ ಮಾತ್ರೆಯನ್ನು ಮೊದಲ ದಿನ ಹೆಚ್ಚು, ಆಮೇಲೆ ದಿನದಿನಕ್ಕೆ ಕಡಿಮೆ ಮಾಡುತ್ತಾ, ಜೊತೆಗೆ ಥಯಾಮಿನ್ ಎಂಬ ಬಿ–1 ವಿಟಮಿನ್ ಕೊಟ್ಟು, ಮನೆಯವರೊಬ್ಬರನ್ನು ಜವಾಬ್ದಾರಿಗೆ ಇಟ್ಟು, ಮೊದಲ ವಾರ ಆಗಾಗ ನೋಡುತ್ತಿದ್ದರೆ ಹೊರರೋಗಿಯಾಗಿಯೇ ಇದು ಮುಗಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಈ ವಾರ ಕಾಯಿಲೆಯ ಒಂದು ಸಣ್ಣ ಭಾಗ ಮಾತ್ರ. ಹಾಸಿಗೆ ವಾರದ ತೊಂದರೆಯನ್ನು ನೋಡಿಕೊಳ್ಳುತ್ತದೆ. ಆಮೇಲಿನ ತಿಂಗಳುಗಳು, ಸಂಬಳದ ದಿನ, ಮದುವೆ ಮನೆ, ಊರ ಜಾತ್ರೆ, ಹಳೆಯ ಗೆಳೆಯರು ಇವನ್ನು ಯಾವ ಹಾಸಿಗೆಯೂ ನೋಡಿಕೊಳ್ಳುವುದಿಲ್ಲ. ಬಿಟ್ಟವರು ಹೆಚ್ಚಾಗಿ ಜಾರುವುದು ಮೊದಲ ಕೆಲವು ತಿಂಗಳಲ್ಲಿ.

ಇದಕ್ಕೆ ನಮ್ಮ ಊರಲ್ಲೇ ಸಾಕ್ಷ್ಯವಿದೆ. ಬೆಂಗಳೂರಿನ ಕೊಳೆಗೇರಿಯೊಂದರಿಂದ ಬಂದು ಕುಡಿತಕ್ಕೆ ಚಿಕಿತ್ಸೆ ಪಡೆದವರನ್ನು, ಅವರ ಬಡಾವಣೆಯಲ್ಲೇ ವಾರಕ್ಕೊಮ್ಮೆ ನಡೆಯುವ ಸಣ್ಣ ಕ್ಲಿನಿಕ್ಕಿನಲ್ಲಿ ನಿಮ್ಹಾನ್ಸ್ ವೈದ್ಯರು ಹಿಂಬಾಲಿಸಿದರು. ದೊಡ್ಡಾಸ್ಪತ್ರೆಗೇ ಬಂದು ತೋರಿಸಿಕೊಳ್ಳಿ ಎಂದು ಹೇಳಿ ಕಳಿಸಿದವರೊಂದಿಗೆ ಹೋಲಿಸಿದರು. 2009ರಲ್ಲಿ ಪ್ರಕಟವಾದ ಫಲಿತಾಂಶ ಮನೆ ಹತ್ತಿರದ ಕ್ಲಿನಿಕ್ಕಿನ ಪರವಾಗಿತ್ತು. ಕುಡಿತದ ದಾಸ್ಯಕ್ಕೆ ಇನ್ನೂ ಬೀಳದ, ಆದರೆ ಅಪಾಯವಾಗುವಷ್ಟು ಕುಡಿಯುವ ಗಂಡಸರ ಮೇಲೆ ನೆರೆಯ ಗೋವಾದಲ್ಲಿ ಇನ್ನೊಂದು ಪರೀಕ್ಷೆ ನಡೆಯಿತು. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಡಾಕ್ಟರೂ ಅಲ್ಲದ, ಮನಶ್ಶಾಸ್ತ್ರಜ್ಞರೂ ಅಲ್ಲದ, ತರಬೇತಿ ಪಡೆದ ಸಾಮಾನ್ಯ ಆಪ್ತಸಲಹೆಗಾರರು ಅವರೊಡನೆ ಕೆಲವೇ ಸಲ ಕೂತು ಮಾತಾಡಿದರು. 2017ರಲ್ಲಿ ಪ್ರಕಟವಾದಂತೆ, ಮೂರು ತಿಂಗಳ ಬಳಿಕ ಅಪಾಯದ ಗೆರೆಯಿಂದ ಹಿಂದೆ ಬಂದವರು ಈ ಗುಂಪಿನಲ್ಲಿ ಶೇ 36, ಮಾಮೂಲಿ ಆರೈಕೆ ಪಡೆದವರಲ್ಲಿ ಶೇ 26. ಪವಾಡವೇನಲ್ಲ. ಆದರೆ ಅದಕ್ಕೆ ತಗುಲುವ ಖರ್ಚನ್ನೂ, ಬೇಕಾಗುವ ಜನರನ್ನೂ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಹೊರಬಲ್ಲದು.

ಜೋಳಿಗೆ ಮತ್ತು ಶಿಬಿರಗಳನ್ನು ಪ್ರೀತಿಸುವವರು ಇನ್ನೊಂದು ಮಾತು ಹೇಳುತ್ತಾರೆ. ಸರ್ಕಾರಿ ಓಪಿಡಿಯಲ್ಲಿ ಚೀಟಿ ಹಿಡಿದು ನಿಂತವನಿಗೆ ಎರಡು ನಿಮಿಷ ಸಿಗುವುದಿಲ್ಲ, ಸ್ವಾಮಿಗಳ ಮುಂದೆ, ಊರ ಹಿರಿಯರ ಮುಂದೆ ಕೊಟ್ಟ ಮಾತಿಗೆ ಒಂದು ತೂಕವಿದೆ, ಮಾತ್ರೆಗೆ ಅಂಥದ್ದೇನಿದೆ? ಈ ಮಾತನ್ನು ತಳ್ಳಿಹಾಕುವುದು ಅಹಂಕಾರ. ಕೋಟದ ಪಾತ್ರಿಯ ಬಗ್ಗೆ ಕಪೂರ್ ಕಲಿತದ್ದನ್ನೇ ನಾವು ಇಲ್ಲಿಯೂ ಕಲಿಯಬೇಕು. ಜನ ಎರಡೂ ಕಡೆ ಹೋಗುತ್ತಾರೆ, ಹೋಗಲಿ. ಅಷ್ಟೇ ಅಲ್ಲ, ಈ ಧಾರ್ಮಿಕ ಪ್ರಯತ್ನಗಳಲ್ಲಿ ಬಾಳಿಕೆ ಬಂದದ್ದು ಯಾವುದು ಎಂದು ನೋಡಿದರೆ ವಾದ ನನ್ನ ಕಡೆಗೇ ವಾಲುತ್ತದೆ. ಶಿಬಿರದ ಸಮಾರೋಪದ ಹಾರ ತುರಾಯಿ ಪತ್ರಿಕೆಯಲ್ಲಿ ಬರುತ್ತದೆ. ಕೆಲಸ ಮಾಡುವುದು ಶಿಬಿರ ಮುಗಿದ ಮೇಲೆ ಊರಲ್ಲಿ ಕಟ್ಟುವ ನವಜೀವನ ಸಮಿತಿ. ಕುಡಿತ ಬಿಟ್ಟವರು ವಾರವಾರ ಕೂಡಿ, ಯಾರು ಗಟ್ಟಿಯಾಗಿದ್ದಾರೆ, ಯಾರು ಜಾರಿದರು ಎಂದು ವಿಚಾರಿಸುತ್ತಾರೆ. 1957ರಲ್ಲಿ ಭಾರತಕ್ಕೆ ಬಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳ ಗುಟ್ಟೂ ಇದೇ. ಶಿಬಿರ ಹಾಸಿಗೆ ಇದ್ದಂತೆ, ಸಮಿತಿ ಹೊರರೋಗಿ ವಿಭಾಗ ಇದ್ದಂತೆ ಎನ್ನಬಹುದು. ಮಠದವರೂ ದೇವಸ್ಥಾನದವರೂ ತಮ್ಮ ಅನುಭವದಿಂದ ಸಕಲವಾರದ ವೈದ್ಯರ ತೀರ್ಮಾನಕ್ಕೇ ಬಂದಿದ್ದಾರೆ. ಅವರಲ್ಲಿ ಇಲ್ಲದ್ದು ಶಿಬಿರದ ತಪಾಸಣೆಯ ಆಚೆಗೂ ಮುಂದುವರಿಯುವ ವೈದ್ಯಕೀಯ ಮಾತ್ರ: ಕೈನಡುಕಕ್ಕೆ ಮಾತ್ರೆ, ಕುಡಿತದ ಹಿಂದೆ ಅಡಗಿದ ಖಿನ್ನತೆಯ ತಪಾಸಣೆ, ಜಾರಿದವನನ್ನು ಪಾಪಿ ಎನ್ನದೆ ಮತ್ತೆ ನೋಡುವ ತಾಳ್ಮೆ. ಆಣೆ ಮುರಿದವನು ಸ್ವಾಮಿಗಳ ಮುಂದೆ ಮುಖ ತೋರಿಸಲಾರ. ತಪ್ಪಿದವನೇ ಮತ್ತೆ ಬರಬೇಕಾದ ಜಾಗ ಓಪಿಡಿ.

ಕುಡಿತವನ್ನೇ ನಿಷೇಧಿಸಿಬಿಡಿ, ಚಿಕಿತ್ಸೆಯ ಗೊಡವೆಯೇ ಬೇಡ ಎನ್ನುವವರಿಗೆ ದೀರ್ಘ ಉತ್ತರ ಬೇಕಿಲ್ಲ. ಸಾರಾಯಿ ನಿಷೇಧವಾಗಿ ಹದಿನೆಂಟು ವರ್ಷಕ್ಕೂ ಹೆಚ್ಚು ಕಾಲ ಕಳೆದಿದೆ, ಅಬಕಾರಿ ಗುರಿ ಏರುತ್ತಲೇ ಇದೆ. ನಿಷೇಧ ಬಂದರೂ ಬಾರದಿದ್ದರೂ ಈಗಾಗಲೇ ದಾಸರಾದವರಿಗೆ ಡಾಕ್ಟರು ಬೇಕು.

ಕಾನೂನು ಈಗ ಈ ಭೇದವನ್ನು ಒಪ್ಪುವುದಿಲ್ಲ. 2018ರ ಮೇ ತಿಂಗಳಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನು ಮನೋರೋಗದ ವ್ಯಾಖ್ಯೆಯೊಳಗೇ ಸೇರಿಸಿದೆ. ಸರ್ಕಾರದ ಹಣದಲ್ಲಿ, ಮನೆಗೆ ಸಮೀಪದಲ್ಲಿ, ಸಮುದಾಯದೊಳಗೆ ಚಿಕಿತ್ಸೆ ಪಡೆಯುವುದನ್ನು ಹಕ್ಕು ಎಂದಿದೆ. ಮಗನನ್ನು ರಾತ್ರೋರಾತ್ರಿ ಜೀಪಿನಲ್ಲಿ ಎತ್ತಿಸಿ ನೋಂದಣಿಯಿಲ್ಲದ ಕೇಂದ್ರದ ಬೀಗದೊಳಗೆ ತಿಂಗಳುಗಟ್ಟಲೆ ಇಡಿಸುವುದು ಈಗ ಅಪರಾಧದ ಮಾತು. ಹಾಗೆ ಮಾಡುವ ತಂದೆತಾಯಿಯ ಬಳಲಿಕೆ ಅರ್ಥವಾಗದ್ದೇನಲ್ಲ. ಹತ್ತಿರದಲ್ಲಿ ಬೇರೆ ದಾರಿ ಕಾಣದಾಗ ಜನ ಅಂಥದ್ದಕ್ಕೆ ಇಳಿಯುತ್ತಾರೆ. ಆ ಬೇರೆ ದಾರಿಗೆ ಹೊಸ ಕಟ್ಟಡವೇನೂ ಬೇಡ. ತಾಲ್ಲೂಕು ಆಸ್ಪತ್ರೆಯ ಮನೋವೈದ್ಯರ ದಿನದಂದು ಕುಡಿತದವರಿಗೂ ಒಂದು ಕಾರ್ಡು, ಔಷಧಿ ಕೋಣೆಯಲ್ಲಿ ತಪ್ಪದೆ ಇರುವ ನಾಲ್ಕು ಬಗೆಯ ಮಾತ್ರೆ, ಬಾರದವನ ಮನೆಗೆ ಹೋಗಿ ಕೇಳಲು ಒಬ್ಬ ಆಶಾ ಕಾರ್ಯಕರ್ತೆ, ಅವಳಿಗೆ ಆ ಕೆಲಸಕ್ಕೆ ಗೌರವಧನ. ಅಬಕಾರಿಯ 40 ಸಾವಿರ ಕೋಟಿಯಲ್ಲಿ ಇದಕ್ಕೆ ಬೇಕಾಗುವುದು ಚಿಲ್ಲರೆ ಹಣ. ಸರ್ಕಾರ ಅದನ್ನು ಮಾಡುವವರೆಗೆ ಓದುಗರು ಕಾಯಬೇಕಾಗಿಲ್ಲ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇಂಥವರು ಇದ್ದರೆ, ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ವಿಚಾರಿಸಿ, ಅವರನ್ನು ಕರೆದುಕೊಂಡು ಹೋಗಿ. ಹೋಗಲು ಒಪ್ಪದಿದ್ದರೆ ನೀವೇ ಹೋಗಿ ಕೇಳಿ. ಫೋನಿನಲ್ಲೇ ಮಾತಾಡಬೇಕೆಂದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.